ಪರವೂರಿನಲ್ಲಿ ಕೊಂಡ ಕಾರು

ಕಳೆದ ಆಯುಧಪೂಜೆಯ ದಿನ ಬೆಳಿಗ್ಗೆ ಮುನಿರ್ಕಾ ಹಳ್ಳಿಯ ಅಂಚಿನಲ್ಲಿ, ಗಲ್ಲಿಯೊಳಗೆ ನುಗ್ಗಲು ಎಡೆಯಿಲ್ಲದೆ ಹೊರರಸ್ತೆಯ ಬದಿಯಲ್ಲಿಯೇ ನಿಂತಿದ್ದ ಬಿಳಿಯ ಕಾರೊಂದು ನಮ್ಮ ಕಣ್ಣಿಗೆ ಬಿತ್ತು. ಮೂತಿಗೆ ಚೆಂಡುಹೂವಿನ ಮಾಲೆ, ಗಾಜಿಗೆ ಕುಂಕುಮದ ಬೊಟ್ಟು, ನಾಲ್ಕು ಚಕ್ರಗಳ ಕೆಳಗೂ ಒಂದೊಂದು ನಿಂಬೆಹಣ್ಣು. ಜಾಟರ ಈ ಹಳ್ಳಿಯಲ್ಲಿ ಆ ದಿನ ಇಂಥ ಪೂಜೆ ಮಾಡುವವರು ನಮ್ಮ ಕಡೆಯವರೇ ಇರಬೇಕೆಂದು ನಿಂತು ನೋಡುತ್ತಿರಲು, ಗಾಡಿಯ ಒಡೆಯರೇ ಬಂದು ಕೈಮುಗಿದರು. ಕುಂದಾಪುರದ ಕಡೆಯವರು, ಹತ್ತೊಂಬತ್ತು ವರ್ಷಗಳಿಂದ ದಿಲ್ಲಿಯ ಹೋಟೆಲೊಂದರಲ್ಲಿ ದೋಸೆಯ ಕಾವಲಿಯ ಮುಂದೆ ನಿಂತು ದುಡಿದವರು. ಅವಲಕ್ಕಿ ಪ್ರಸಾದವನ್ನು ನಮ್ಮ ಅಂಗೈಗೆ ಹಾಕಿ ಅವರು ಕೇಳಿದ ಮೊದಲ ಪ್ರಶ್ನೆ ಇದು: “ಇದನ್ನು ಊರಿಗೆ ಕೊಂಡೊಯ್ದು ಅಲ್ಲಿಯೇ ಇಟ್ಟುಬಿಡುವುದಕ್ಕೆ ಅಡ್ಡಿಯೇನೂ ಇಲ್ಲವಷ್ಟೆ?”

ಕೊಳ್ಳುವುದಕ್ಕೆ ಮೊದಲು ಕೇಳಬೇಕಾಗಿದ್ದ ಪ್ರಶ್ನೆಯನ್ನು ಪೂಜೆಯಾದ ಮೇಲೆ ಕೇಳಿದರಲ್ಲ ಎಂದು ನಮಗೆ ಖೇದವೆನಿಸಿತು. ಆದರೆ ಹಬ್ಬದ ದಿನ ಅದನ್ನು ಆಡಿ ತೋರಿಸದೆ, ಕಾಗದಪತ್ರಗಳನ್ನು ತರಿಸಿ ನೋಡಿದೆವು. ಡೀಸೆಲ್ ಗಾಡಿ, 2017ರ ಜೂನಿನಲ್ಲಿ ದಿಲ್ಲಿಯಲ್ಲಿ ನೋಂದಣಿಯಾದದ್ದು, ಹೊಸದಾಗಿದ್ದಾಗ ಸುಮಾರು ಎಂಟು ಲಕ್ಷದ್ದು, ಇವರಿಗೆ ಬಿದ್ದದ್ದು ಎರಡು ಲಕ್ಷ ಹತ್ತು ಸಾವಿರಕ್ಕೆ. ನೋಂದಣಿ ಪತ್ರದಲ್ಲಿದ್ದ ಹೆಸರಿನವರನ್ನು ಇವರು ಕಂಡದ್ದೇ ಇಲ್ಲ. ತಾರೀಖು ಬರೆಯದೆ ಸಹಿ ಮಾತ್ರ ಹಾಕಿದ್ದ ಎರಡು ನಮೂನೆಗಳನ್ನು ವ್ಯಾಪಾರಿಯೊಬ್ಬರು ಕೈಗಿತ್ತು, “ಉಳಿದದ್ದನ್ನು ನಿಧಾನವಾಗಿ ಮಾಡಿಕೊಳ್ಳಿ” ಎಂದಿದ್ದರಂತೆ.

ಪರಸ್ಥಳದಲ್ಲಿರುವ ನಮ್ಮವರು ಕಾರನ್ನೇಕೆ ಕೊಳ್ಳುತ್ತಾರೆಂಬುದನ್ನು ಬಲ್ಲವರು ಬಲ್ಲರು. ಮುನಿರ್ಕಾದಲ್ಲಿ ಇರುವವರಿಗೆ ಕಾರಿನ ಅಗತ್ಯ ಅಷ್ಟಾಗಿ ಇಲ್ಲ. 2018ರ ಮೇ ತಿಂಗಳಲ್ಲಿ ಮೆಜೆಂಟಾ ಮಾರ್ಗದ ಮೆಟ್ರೋ ನಿಲ್ದಾಣ ತೆರೆದಂದಿನಿಂದ ಹಳ್ಳಿಯ ಬಾಗಿಲಿಗೇ ರೈಲು ಬಂದಿದೆ. ಹೊರವರ್ತುಲ ರಸ್ತೆಯಲ್ಲಿ ಬಸ್ಸುಗಳಿಗೆ ಬರವಿಲ್ಲ. ಕಾರು ಇದ್ದರೂ ಇಡುವುದೆಲ್ಲಿ? ಲಾಲ್ ಡೋರಾದ ಗೆರೆಯೊಳಗಿನ ಹಳೆಯ ಹಳ್ಳಿ ಇದು. ನಾಲ್ಕೈದು ಅಂತಸ್ತುಗಳ ಮನೆಗಳು ಎರಡೂ ಕಡೆಯಿಂದ ಬಾಗಿ ನಿಂತು, ಗಲ್ಲಿಯಲ್ಲಿ ಮಧ್ಯಾಹ್ನಕ್ಕೂ ದೀಪ ಬೇಕಾಗುತ್ತದೆ. ಹಾಲಿನವನ ಸೈಕಲ್ಲೂ ತರಕಾರಿಯ ಕೈಗಾಡಿಯೂ ಎದುರಾದರೆ ಒಂದು ಹಿಂದೆ ಸರಿಯಲೇಬೇಕು. ಅಂಥಲ್ಲಿ ಕಾರು ಕೊಂಡವರು ರಾತ್ರಿ ಹನ್ನೊಂದಕ್ಕೆ ಹೋಟೆಲಿನಿಂದ ಬಂದು, ಗಾಡಿಯ ಮೈಗೆ ಯಾರಾದರೂ ಗೀರಿದ್ದಾರೆಯೆ ಎಂದು ಹೊರರಸ್ತೆಗೆ ಹೋಗಿ ನೋಡಿಕೊಂಡು ಬಂದು ಮಲಗುವುದನ್ನು ನಾವು ಕಂಡಿದ್ದೇವೆ.

ಹೀಗಿದ್ದೂ ಕೊಳ್ಳುತ್ತಾರೆ. ಏಕೆಂದರೆ ಕಾರು ಓಡಬೇಕಾದದ್ದು ಮುನಿರ್ಕಾದಲ್ಲಲ್ಲ, ಊರಿನ ಅಂಗಳದಲ್ಲಿ. ಹದಿನೈದು ಇಪ್ಪತ್ತು ವರ್ಷ ದಿಲ್ಲಿಯಲ್ಲಿ ಏನು ಮಾಡಿದಿರಿ ಎಂದು ಊರಿನವರು ಬಾಯಿಬಿಟ್ಟು ಕೇಳುವುದಿಲ್ಲ. ಆದರೆ ಮದುವೆಮನೆಯ ಚಪ್ಪರದಲ್ಲಿ ಆ ಪ್ರಶ್ನೆ ಎಲ್ಲರ ಕಣ್ಣಿನಲ್ಲಿಯೂ ಇರುತ್ತದೆ. ಅದಕ್ಕೆ ಉತ್ತರವಾಗಿ ನಾಲ್ಕು ಚಕ್ರದ ಗಾಡಿಯೊಂದು ತೋಟದ ದಾರಿಯಲ್ಲಿ ಬಂದು ನಿಲ್ಲಬೇಕು. ಈ ಆಸೆಯನ್ನು ನಗುವವರು ನಗಲಿ, ನಾವಂತೂ ನಗಲಾರೆವು.

ನಮ್ಮ ಹಿರಿಯರ ಕಾಲಕ್ಕೆ ಈ ಆಸೆಗೆ ಆಸ್ಪದವೇ ಇರಲಿಲ್ಲ. ಅಂಬಾಸಿಡರು, ಫಿಯೆಟ್ಟುಗಳಿಗೆ ಹೆಸರು ಬರೆಯಿಸಿ ವರ್ಷಗಟ್ಟಲೆ ಕಾಯಬೇಕಾಗಿದ್ದ ದಿನಗಳವು. 1983ರ ಡಿಸೆಂಬರ್ 14ರಂದು, ಮುನಿರ್ಕಾದಿಂದ ಹೆಚ್ಚು ದೂರವಿಲ್ಲದ ಗುಡಗಾಂವಿನ ಕಾರ್ಖಾನೆಯಿಂದ ಹೊರಬಿದ್ದ ಮೊದಲ ಮಾರುತಿ 800ರ ಕೀಲಿಕೈಯನ್ನು ಇಂದಿರಾ ಗಾಂಧಿಯವರು ದಿಲ್ಲಿಯ ನಿವಾಸಿ ಹರ್ಪಾಲ್ ಸಿಂಗರ ಕೈಗೆ ಕೊಟ್ಟರು. ಅಂದು ಅದರ ಬೆಲೆ 47,500 ರೂಪಾಯಿ. ಗುಮಾಸ್ತರೂ ಕಾರಿನ ಕನಸು ಕಾಣಬಹುದೆಂದು ಆದದ್ದು ಅಲ್ಲಿಂದೀಚೆಗೆ. ಈಗ ಕಾಯುವ ಮಾತೇ ಇಲ್ಲ. ಕರೋಲ್ ಬಾಗಿನ ಹಳೆಯ ಕಾರಿನ ಪೇಟೆಯಲ್ಲಿ ನಡೆದುಹೋದರೆ ಕಾರುಗಳೇ ನಮ್ಮನ್ನು ಕೂಗಿ ಕರೆಯುತ್ತವೆ.

ಹಾಗಾದರೆ ದಿಲ್ಲಿಯಲ್ಲಿ ಹಳೆಯ ಕಾರು ಇಷ್ಟು ಅಗ್ಗವೇಕೆ? ಇದಕ್ಕೆ ಉತ್ತರ ತಿಳಿಯದೆ ಹಣ ಎಣಿಸಬಾರದು. ಬೇರೆ ಊರುಗಳಲ್ಲಿ ಕಾರಿನ ಆಯುಸ್ಸು ಅದರ ಯಂತ್ರದಲ್ಲಿದೆ. ದಿಲ್ಲಿಯಲ್ಲಿ ಅದು ನ್ಯಾಯಾಲಯದ ಆಜ್ಞೆಯಲ್ಲಿದೆ. ಹದಿನೈದು ವರ್ಷ ಮೀರಿದ ವಾಹನಗಳು ದಿಲ್ಲಿಯಲ್ಲಿ ಓಡಕೂಡದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014ರ ನವೆಂಬರಿನಲ್ಲಿ ವಿಧಿಸಿತು. ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳನ್ನು 2015ರ ಏಪ್ರಿಲಿನಲ್ಲಿ ನಿಷೇಧಿಸಿತು. 2018ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. 2025ರ ಜುಲೈ ಒಂದರಿಂದ ಇಂಥ ಗಾಡಿಗಳಿಗೆ ಪೆಟ್ರೋಲು ಡೀಸೆಲು ಹಾಕಕೂಡದೆಂಬ ಆಜ್ಞೆಯೂ ಹೊರಟು, ಗದ್ದಲವಾಗಿ, ಕೆಲವೇ ದಿನಗಳಲ್ಲಿ ಮುಂದೂಡಲ್ಪಟ್ಟಿತು. ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ವಯಸ್ಸೊಂದನ್ನೇ ಕಾರಣವಾಗಿಟ್ಟುಕೊಂಡು ಮಾಲೀಕರ ಮೇಲೆ ಬಲವಂತದ ಕ್ರಮ ಕೈಗೊಳ್ಳಬೇಡಿರೆಂದಿತು. ಡಿಸೆಂಬರಿನಲ್ಲಿ ಅದನ್ನೇ ತಿದ್ದಿ, ಈ ರಕ್ಷಣೆ ಬಿಎಸ್ 4 ಮತ್ತು ಅದಕ್ಕೆ ಮೇಲಿನ ದರ್ಜೆಯ ಗಾಡಿಗಳಿಗೆ ಮಾತ್ರವೆಂದಿತು. ಹನ್ನೊಂದು ವರ್ಷಗಳಲ್ಲಿ ಇಷ್ಟು ಏರಿಳಿತ ಕಂಡ ವಿಷಯದಲ್ಲಿ, ಕೊಳ್ಳುವ ದಿನದ ಆಜ್ಞೆ ಏನೆಂಬುದನ್ನು ಆ ದಿನವೇ ವಿಚಾರಿಸತಕ್ಕದ್ದು.

ಇಷ್ಟೇ ಅಲ್ಲದೆ ಚಳಿಗಾಲದ ಕಾಟವೊಂದು ಬೇರೆ. ಗಾಳಿ ಕೆಟ್ಟು ಮೂರನೆಯ ಹಂತದ ನಿರ್ಬಂಧಗಳು ಜಾರಿಗೆ ಬಂದಾಗ ಬಿಎಸ್ 3 ಪೆಟ್ರೋಲು ಕಾರುಗಳೂ ಬಿಎಸ್ 4 ಡೀಸೆಲು ಕಾರುಗಳೂ ದಿಲ್ಲಿಯ ರಸ್ತೆಗಿಳಿಯಕೂಡದು. ನಮ್ಮ ಕುಂದಾಪುರದ ಮಿತ್ರರ ಗಾಡಿ ಈ ಎರಡನೆಯ ಜಾತಿಯದು. ಹೊಗೆಮಂಜು ಕವಿದ ದಿನಗಳಲ್ಲಿ ಅವರ ಕಾರು ನಿಂಬೆಹಣ್ಣಿನ ಮೇಲೆ ನಿಂತಂತೆಯೇ ನಿಂತಿರಬೇಕು. ಹತ್ತು ವರ್ಷ ತುಂಬಲು ಎರಡು ವರ್ಷವೂ ಉಳಿದಿಲ್ಲದ ಡೀಸೆಲು ಗಾಡಿಯನ್ನು ದಿಲ್ಲಿಯವರು ಮಾರಲು ಆತುರಪಡುವುದರಲ್ಲಿ ಆಶ್ಚರ್ಯವೇನಿದೆ? ಅವರಿಗೆ ಮುಗಿಯಲಿರುವ ಕಾರು ನಮ್ಮವರಿಗೆ ಅಗ್ಗದ ಕಾರಾಗಿ ಕಾಣುತ್ತದೆ.

ಊರಿಗೆ ಕೊಂಡೊಯ್ದರೆ ಅದಕ್ಕೆ ಮರುಹುಟ್ಟುಂಟು ಎಂದು ವ್ಯಾಪಾರಿಗಳು ಹೇಳುವುದು ಸುಳ್ಳಲ್ಲ. ಖಾಸಗಿ ಕಾರಿನ ನೋಂದಣಿ ಕಾನೂನಿನಂತೆ ಹದಿನೈದು ವರ್ಷಕ್ಕೆ ಸಲ್ಲುತ್ತದೆ. ಆಮೇಲೂ ತಪಾಸಣೆಯಾಗಿ ನವೀಕರಣವಾಗಬಹುದು. ಆದರೆ ಆ ಮರುಹುಟ್ಟಿಗೆ ತೆರಬೇಕಾದ ಹಣವನ್ನು ಯಾರೂ ಮುಂಚಿತವಾಗಿ ಹೇಳುವುದಿಲ್ಲ. ಈಚಿನ ವರ್ಷಗಳ ದರದಂತೆ ದಿಲ್ಲಿಯಲ್ಲಿ ಪೆಟ್ರೋಲು ಕಾರಿನ ರಸ್ತೆ ತೆರಿಗೆ ಆರು ಲಕ್ಷದವರೆಗೆ ನೂರಕ್ಕೆ 4, ಹತ್ತು ಲಕ್ಷದವರೆಗೆ 7, ಅದಕ್ಕೆ ಮೇಲ್ಪಟ್ಟು 10; ಡೀಸೆಲಿಗೆ ಇದರ ಮೇಲೆ ಕಾಲುಪಾಲು ಹೆಚ್ಚು. ಕರ್ನಾಟಕದಲ್ಲಿ ಐದು ಲಕ್ಷದವರೆಗೆ 13, ಹತ್ತು ಲಕ್ಷದವರೆಗೆ 14, ಇಪ್ಪತ್ತು ಲಕ್ಷದವರೆಗೆ 17, ಅದಕ್ಕೆ ಮೇಲೆ 18. ತೆರಿಗೆಯ ಮೇಲೆ ಸೆಸ್ಸು ಬೇರೆ. ಎಂಟು ಲಕ್ಷದ ಡೀಸೆಲು ಕಾರಿಗೆ ದಿಲ್ಲಿಯಲ್ಲಿ 70,000 ರೂಪಾಯಿ ಆದರೆ ನಮ್ಮ ರಾಜ್ಯದಲ್ಲಿ 1,12,000 ಮತ್ತು ಸೆಸ್ಸು.

ಹಳೆಯ ಕಾರಿಗೆ ವಯಸ್ಸಿಗೆ ತಕ್ಕ ಕಡಿತವುಂಟು, ನಿಜ. ಆದರೆ ನಮ್ಮವರು ಮೋಸಹೋಗುವುದು ಇನ್ನೊಂದೆಡೆಯಲ್ಲಿ. ತೆರಿಗೆಯ ಲೆಕ್ಕ ಹಾಕುವುದು ನಾವು ಕೊಟ್ಟ ಎರಡು ಲಕ್ಷ ಹತ್ತು ಸಾವಿರದ ಮೇಲಲ್ಲ. ಗಾಡಿ ಹೊಸದಾಗಿದ್ದಾಗಿನ ಎಂಟು ಲಕ್ಷದ ಮೇಲೆ. ಕರೋಲ್ ಬಾಗಿನಲ್ಲಿ ಚೌಕಾಶಿ ಮಾಡಿ ಇಳಿಸಿದ ಹತ್ತು ಸಾವಿರಕ್ಕೆ ಸಾರಿಗೆ ಕಛೇರಿಯ ಮೇಜಿನ ಮುಂದೆ ಯಾವ ಬೆಲೆಯೂ ಇಲ್ಲ. ಕಡಿತವೆಲ್ಲ ಹೋಗಿ ಉಳಿದ ಮೊತ್ತವನ್ನು ಕೇಳಿದಾಗ ನಮ್ಮ ಮಿತ್ರರು ತುಸು ಹೊತ್ತು ಮಾತಾಡಲಿಲ್ಲ. ಅವರ ಮೂರು ತಿಂಗಳ ಸಂಬಳಕ್ಕಿಂತ ಅದು ಹೆಚ್ಚಿನದು. ಊರಿನ ಮನೆಯ ಮಾಡು ಇಳಿಸಿ ಹೊಸ ಹಂಚು ಹೊದಿಸಲು ಬೇರೆಯಾಗಿ ತೆಗೆದಿಟ್ಟ ಹಣಕ್ಕೆ ಸರಿಸುಮಾರು ಸಮನಾದುದು.

ತೆರಿಗೆಯನ್ನು ತಪ್ಪಿಸಿಕೊಂಡು ದಿಲ್ಲಿಯ ಫಲಕದಲ್ಲಿಯೇ ಊರಿನಲ್ಲಿ ಓಡಿಸಿದರಾಗದೆ ಎಂದು ಕೇಳುವವರುಂಟು. ರಜೆಯಲ್ಲಿ ಕೊಂಡೊಯ್ದು ಮರಳಿ ತರುವವರಿಗೆ ಅಂಜಿಕೆ ಬೇಕಿಲ್ಲ. ಹೊರರಾಜ್ಯದ ಗಾಡಿ ಮೂವತ್ತು ದಿನ ಮೀರಿ ನಿಂತರೆ ಪೂರ್ಣ ತೆರಿಗೆ ಕೊಡಬೇಕೆಂದು ಕರ್ನಾಟಕ ಸರಕಾರ 2014ರಲ್ಲಿ ಮಾಡಿದ ತಿದ್ದುಪಡಿಯನ್ನು 2016ರಲ್ಲಿ ಉಚ್ಚ ನ್ಯಾಯಾಲಯ ತಳ್ಳಿಹಾಕಿತು. 1988ರ ಮೋಟಾರು ವಾಹನ ಕಾನೂನಿನಂತೆ ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಇಟ್ಟುಕೊಂಡಾಗ ಹೊಸ ಸಂಖ್ಯೆಗೆ ಅರ್ಜಿ ಹಾಕಬೇಕು. ದಾರಿಯ ಟೋಲಿನ ಚೀಟಿಗಳನ್ನು ಜೋಪಾನವಾಗಿ ಇಟ್ಟುಕೊಂಡರೆ ಬಂದ ದಿನವನ್ನು ತೋರಿಸಲು ಅನುಕೂಲ. ಆದರೆ ಅಲ್ಲಿಯೇ ಇಟ್ಟುಬಿಡುವ ಗಾಡಿಗೆ ಈ ದಾರಿಯಲ್ಲ. ವರ್ಷ ಕಳೆದ ಮೇಲೆ ಅಂಗಳದಲ್ಲಿ ನಿಂತ ಡಿಎಲ್ ಫಲಕದ ಕಾರು ಮನೆಯ ವೃದ್ಧರಿಗೆ ಪೋಲೀಸರೆದುರು ಉತ್ತರ ಕೊಡುವ ಭಾರವನ್ನು ಹೊರಿಸುತ್ತದೆ.

ನೋಂದಣಿಯ ಹೆಸರಿನ ವಿಚಾರದಲ್ಲಿ ನಮ್ಮದೇ ಮೂರ್ಖತನವೊಂದನ್ನು ವಾಚಕರ ಮುಂದಿಡುವುದು ಉಚಿತ. ಕೆಲವು ವರ್ಷಗಳ ಹಿಂದೆ ನಮ್ಮ ಸಣ್ಣ ಕಾರನ್ನು ದಲ್ಲಾಳಿಯೊಬ್ಬರ ಮುಖಾಂತರ ಮಾರಿದೆವು. ಹಣ ಕೈಗೆ ಬಂತು, ಗಾಡಿ ಹೋಯಿತು, ಕೆಲಸ ಮುಗಿಯಿತೆಂದುಕೊಂಡೆವು. ಎರಡನೆಯ ತಿಂಗಳಿನಿಂದ ನಮ್ಮ ಫೋನಿಗೆ ದಂಡದ ಸಂದೇಶಗಳು ಬರತೊಡಗಿದವು. ನಾವು ಹೋಗದ ರಸ್ತೆಗಳಲ್ಲಿ, ನಾವು ನಿದ್ರಿಸುತ್ತಿದ್ದ ವೇಳೆಯಲ್ಲಿ, ನಮ್ಮ ಕಾರು ಮಿತಿಮೀರಿ ಓಡುತ್ತಿತ್ತು. ದಲ್ಲಾಳಿಯನ್ನು ಕೇಳಿದರೆ ಕೊಂಡವರು ಮತ್ತೊಬ್ಬರಿಗೆ ಮಾರಿದ್ದಾರೆಂದರು. ಆ ಮತ್ತೊಬ್ಬರು ಯಾರೆಂದು ಅವರಿಗೂ ತಿಳಿಯದು. ಐದು ತಿಂಗಳು ಅಲೆದಾಡಿ ಹೆಸರು ಬದಲಾಯಿಸುವಷ್ಟರಲ್ಲಿ ಹೈರಾಣಾದೆವು. ಅಪಘಾತವೊಂದು ಆಗಿದ್ದರೆ? ಗಾಡಿ ಎಷ್ಟು ಕೈ ಬದಲಿಸಿದ್ದರೂ ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ಸರ್ವೋಚ್ಚ ನ್ಯಾಯಾಲಯ 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ಮೊಕದ್ದಮೆಯಲ್ಲಿ ತೀರ್ಪಿತ್ತಿದೆ. 2025ರ ನವೆಂಬರ್ 10ರಂದು ಕೆಂಪುಕೋಟೆಯ ಬಳಿ ಸ್ಫೋಟಗೊಂಡ ಕಾರು ಹರಿಯಾಣದ ನೋಂದಣಿಯದು, ಹಲವರ ಕೈ ಬದಲಿಸಿ ಬಂದದ್ದು. ಪೋಲೀಸರು ಹಳೆಯ ಮಾಲೀಕರ ಮನೆಬಾಗಿಲು ತಟ್ಟಿದ ಸುದ್ದಿಯನ್ನು ಓದಿದ ರಾತ್ರಿ ನಮಗೆ ನಮ್ಮ ಆ ಐದು ತಿಂಗಳುಗಳ ನೆನಪಾಗಿ ನಿದ್ರೆ ಹತ್ತಲಿಲ್ಲ.

ಆದ್ದರಿಂದ ಮಾರುವವರೂ ಕೊಳ್ಳುವವರೂ 29 ಮತ್ತು 30ನೆಯ ನಮೂನೆಗಳನ್ನು ತಾರೀಖಿನೊಡನೆ ತುಂಬಿ ಸಲ್ಲಿಸಬೇಕು. ಕೊಂಡವರಿಗೆ ಕಾನೂನು ಕೊಡುವ ಅವಧಿ ಮೂವತ್ತು ದಿನ. ವಿಮೆಯನ್ನು ತಮ್ಮ ಹೆಸರಿಗೆ ತಿರುಗಿಸಲು ಹದಿನಾಲ್ಕು ದಿನ. ಗಾಡಿಯ ಮೇಲೆ ಬ್ಯಾಂಕಿನ ಸಾಲವಿದ್ದಲ್ಲಿ ಅದರ ನಮೂದು ನೋಂದಣಿ ಪತ್ರದಲ್ಲಿಯೇ ಇರುತ್ತದೆ. 35ನೆಯ ನಮೂನೆಯಿಂದ ಅದು ತೆಗೆದುಹಾಕಲ್ಪಟ್ಟ ಹೊರತು “ಸಾಲ ತೀರಿದೆ” ಎಂಬ ಬಾಯಿಮಾತನ್ನು ನಂಬತಕ್ಕದ್ದಲ್ಲ. ಬೇರೆ ರಾಜ್ಯಕ್ಕೆ ಒಯ್ಯುವುದಾದರೆ 28ನೆಯ ನಮೂನೆಯಲ್ಲಿ ನಿರಾಕ್ಷೇಪಣಾ ಪತ್ರ ಬೇಡಬೇಕು. ಬಾಕಿ ದಂಡಗಳು ಇದ್ದರೆ ಅದು ದೊರೆಯುವುದು ಕಷ್ಟ. ಆ ದಂಡಗಳು ಹಿಂದಿನವರದೇ ಆಗಿದ್ದರೂ ಈಗ ಅದಕ್ಕಾಗಿ ನಿಂತಿರುವವರು ನೀವು.

ಬಾಡಿಗೆಮನೆಯ ವಾಸಿಗಳಿಗೆ ವಿಳಾಸದ ಪುರಾವೆಯೇ ಇನ್ನೊಂದು ತೊಡಕು. ನಮ್ಮ ಅನೇಕರ ಆಧಾರ ಕಾರ್ಡಿನಲ್ಲಿ ಇನ್ನೂ ಊರಿನ ಮನೆಯ ಹೆಸರೇ ಇದೆ. ಅದನ್ನು ಬದಲಿಸಲು ಮನಸ್ಸು ಬಾರದು. ಊರಿನ ಮತದಾರರ ಪಟ್ಟಿ, ಪಡಿತರ ಎಲ್ಲವೂ ಅಲ್ಲಿಯೇ. ಇತ್ತ ದಿಲ್ಲಿಯಲ್ಲಿ ನೋಂದಾಯಿಸಲು ದಿಲ್ಲಿಯ ವಿಳಾಸ ಬೇಕು, ಮನೆಯೊಡೆಯರು ಬಾಡಿಗೆಯ ಕರಾರುಪತ್ರಕ್ಕೆ ಸುಲಭವಾಗಿ ಸಹಿ ಹಾಕರು. ಕಾರು ವ್ಯಾಪಾರಕ್ಕೆ ಇಳಿಯುವ ಮೊದಲೇ ಮನೆಯೊಡೆಯರನ್ನು ಒಲಿಸಿಕೊಳ್ಳುವುದು ಕ್ಷೇಮ. ಅಷ್ಟರಮಟ್ಟಿಗೆ ಬಾಡಿಗೆಯನ್ನು ಹೊತ್ತಿಗೆ ಸರಿಯಾಗಿ ಕೊಡುತ್ತಾ ಬಂದಿರಬೇಕೆಂಬುದೂ ಇದರಲ್ಲಿ ಅಡಕವಾಗಿದೆ.

ರಾಮಕೃಷ್ಣಪುರದ ವಸತಿಗಳಲ್ಲಿರುವ ಕೇಂದ್ರ ಸರಕಾರದ ಗುಮಾಸ್ತ ಬಂಧುಗಳ ಸ್ಥಿತಿ ತಕ್ಕಮಟ್ಟಿಗೆ ಬೇರೆ. ಮೋಟಾರು ಕೊಳ್ಳಲು ಸರಕಾರ ಕೊಡುತ್ತಿದ್ದ ಮುಂಗಡ ಏಳನೆಯ ವೇತನ ಆಯೋಗದ ನಂತರ ನಿಂತುಹೋಯಿತು, ಸರಿ. ಆದರೆ 2021ರ ಸೆಪ್ಟೆಂಬರಿನಿಂದ ಅವರಿಗೆ ಭಾರತ್ ಮಾಲಿಕೆಯ, ಬಿಎಚ್ ಅಕ್ಷರಗಳ ಫಲಕ ಪಡೆಯುವ ಹಕ್ಕು ಬಂದಿದೆ. ಸರಕಾರಿ ನೌಕರರು, ಸೈನ್ಯದವರು, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಛೇರಿಗಳಿರುವ ಖಾಸಗಿ ಸಂಸ್ಥೆಗಳ ನೌಕರರು ಇದಕ್ಕೆ ಅರ್ಹರು. ತೆರಿಗೆಯನ್ನು ಹದಿನೈದು ವರ್ಷಕ್ಕೆ ಒಟ್ಟಿಗೆ ಕಟ್ಟದೆ ಎರಡೆರಡು ವರ್ಷಕ್ಕೆ ಕಟ್ಟಿದರೆ ಸಾಕು. ದಿಲ್ಲಿಯಿಂದ ಬೆಂಗಳೂರಿಗೆ ವರ್ಗವಾದರೆ ಸಂಖ್ಯೆ ಬದಲಿಸಬೇಕಿಲ್ಲ. ಹತ್ತು ಲಕ್ಷದೊಳಗಿನ ಕಾರಿಗೆ ನೂರಕ್ಕೆ 8ರ ದರ, ಇಪ್ಪತ್ತು ಲಕ್ಷದವರೆಗೆ 10, ಮೇಲೆ 12. ಡೀಸೆಲಿಗೆ ಎರಡು ಹೆಚ್ಚು, ವಿದ್ಯುತ್ ಗಾಡಿಗೆ ಎರಡು ಕಡಿಮೆ. ಹೊಸ ಕಾರು ಕೊಳ್ಳುವ ಗುಮಾಸ್ತರು ಈ ಫಲಕವನ್ನು ಕೇಳದೆ ಬಿಡುವುದು ಅವಿವೇಕವೆಂದು ನಮ್ಮ ಮತ.

ಒಂದೇ ಹೋಟೆಲಿನಲ್ಲಿ ಇಪ್ಪತ್ತು ವರ್ಷ ದುಡಿದ ಅಡಿಗೆಯವರಿಗೆ ಈ ಹಕ್ಕು ಇಲ್ಲವೆಂಬುದು ನಮಗೆ ಸರಿತೋರದು. ವರ್ಗವಾಗುವವರಷ್ಟೇ ಊರು ಬಿಟ್ಟು ಊರಿಗೆ ಹೋಗುತ್ತಾರೆಂದು ಕಾನೂನು ಬಗೆದಂತಿದೆ. ಕೆಲಸ ಬಿಟ್ಟು ಹಿಂದಿರುಗುವವನಿಗೆ ಯಾರು ವರ್ಗಾವಣೆಯ ಆಜ್ಞೆ ಕೊಡುತ್ತಾರೆ?

ದಿಲ್ಲಿ ಕರ್ನಾಟಕ ಸಂಘದಲ್ಲಿ ಯಕ್ಷಗಾನವೋ ನಾಟಕವೋ ಇದ್ದ ದಿನ, ರಾವ್ ತುಲಾರಾಮ್ ಮಾರ್ಗದ ಬದಿಯಲ್ಲಿ ನಿಂತ ಗಾಡಿಗಳ ಫಲಕಗಳನ್ನು ಓದುತ್ತಾ ಹೋಗುವುದು ನಮಗೊಂದು ಹಳೆಯ ಅಭ್ಯಾಸ. ಡಿಎಲ್, ಎಚ್‌ಆರ್, ಯುಪಿ. ಈಚೆಗೆ ಅಲ್ಲೊಂದು ಇಲ್ಲೊಂದು ಬಿಎಚ್. ನಡುವೆ ಎಲ್ಲೋ ದಾರಿತಪ್ಪಿ ಬಂದಂತೆ ಉಡುಪಿಯ ಕೆಎ 20. ಆ ಫಲಕವನ್ನು ಕಂಡರೆ ಒಳಗೆ ಹೋಗಿ, ಯಾರದು, ಎಂದು ಬಂದಿರಿ, ಮಳೆ ಹೇಗಿದೆ ಎಂದು ವಿಚಾರಿಸದೆ ಇರಲಾಗುವುದಿಲ್ಲ.

ಕುಂದಾಪುರದ ಮಿತ್ರರ ಮುಂದೆ ಇದ್ದದ್ದು ಎರಡೇ ದಾರಿ. ಗಾಡಿಯನ್ನು ನಷ್ಟಕ್ಕೆ ಹಿಂದಿರುಗಿಸುವುದು, ಇಲ್ಲವೆ ಹಂಚಿನ ಹಣವನ್ನು ತೆರಿಗೆಗೆ ಹಾಕುವುದು. ನಮ್ಮನ್ನು ಕೇಳಿದಾಗ ನಾವು ಹಿಂದಿರುಗಿಸಿರೆಂದೇ ಹೇಳಿದೆವು. ಅವರು ನಾಲ್ಕು ದಿನ ಯೋಚಿಸಿ, ತಾಯಿಗೆ ಫೋನಿನಲ್ಲಿ ಕಾರಿನ ಚಿತ್ರ ಕಳಿಸಿಯಾಗಿದೆ, ಇನ್ನು ಸಾಧ್ಯವಿಲ್ಲ ಎಂದರು. ಮನೆಯೊಡೆಯರ ಸಹಿ, ಹೆಸರಿನ ಬದಲಾವಣೆ, ಹಿಂದಿನವರು ಉಳಿಸಿದ್ದ ನಾಲ್ಕು ದಂಡಗಳ ಪಾವತಿ, ನಿರಾಕ್ಷೇಪಣಾ ಪತ್ರ, ಇಷ್ಟೆಲ್ಲ ಆಗುವಷ್ಟರಲ್ಲಿ ಚಳಿ ಹಿಡಿದಿತ್ತು. ಆಕಾಶ ತುಸು ತಿಳಿಯಾಗಿ ನಿರ್ಬಂಧ ಸಡಿಲಿದ ಒಂದು ವಾರದಲ್ಲಿ, ಗಾಡಿ ನಡೆಸಬಲ್ಲ ಸೋದರಳಿಯನನ್ನು ಕರೆಸಿಕೊಂಡು ಹೊರಟರು. ಧೌಲಾಕುಂವಾದ ಬಳಿ ಹಾಯುವ 48ನೆಯ ಹೆದ್ದಾರಿ ಜಯಪುರ, ಅಹಮದಾಬಾದು, ಸೂರತ್ತು, ಪುಣೆಗಳನ್ನು ದಾಟಿ ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ತುಮಕೂರುಗಳ ಮೇಲೆ ಬೆಂಗಳೂರಿಗೆ ಹೋಗುವ ಹೆದ್ದಾರಿಯೇ. ದಿನವೂ ಅದನ್ನು ಕಂಡರೂ ಅದು ನಮ್ಮೂರಿನ ರಸ್ತೆಯೆಂದು ನಮ್ಮಲ್ಲಿ ಎಷ್ಟು ಮಂದಿ ಎಣಿಸಿದ್ದೇವೆ? ಇವರು ಮುಂಬಯಿಯ ಆಚೆ ಪನ್ವೇಲಿನಲ್ಲಿ ಅದನ್ನು ಬಿಟ್ಟು ಕರಾವಳಿಯ 66ನೆಯ ಹೆದ್ದಾರಿ ಹಿಡಿದರು. ನಾಲ್ಕನೆಯ ದಿನ ಸಂಜೆ ಕಾರು ಅಂಗಳ ಸೇರಿತು. ತಾಯಿ ಆರತಿ ಎತ್ತಿ, ಮರುದಿನ ಅದರಲ್ಲಿಯೇ ಕುಳಿತು ಕೊಲ್ಲೂರಿಗೆ ಹೋಗಿ ಬಂದರಂತೆ. ಮಾಡಿನ ಹಳೆಯ ಹಂಚುಗಳ ಮೇಲೆ ಈ ಮಳೆಗಾಲಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸುವುದೆಂದು ನಿಶ್ಚಯವಾಗಿದೆ. ಮಿತ್ರರು ರೈಲಿನಲ್ಲಿ ಮರಳಿ ಬಂದು ಕಾವಲಿಯ ಮುಂದೆ ನಿಂತಿದ್ದಾರೆ.

ಅವರ ಜೊತೆಯ ಹೋಟೆಲಿನ ಗಲ್ಲಾದ ತರುಣನೊಬ್ಬ ಈಗ ಕಾರು ನೋಡಬೇಕೆಂದಿದ್ದಾನೆ. ಬರುವ ಸೋಮವಾರ ಅವನ ರಜೆ. ಹೌಜ್ ಖಾಸಿನಲ್ಲಿಯೂ ರಾಜೀವ್ ಚೌಕಿನಲ್ಲಿಯೂ ಮೆಟ್ರೋ ಬದಲಿಸಿ ಅವನೊಡನೆ ನಾವೂ ಕರೋಲ್ ಬಾಗಿಗೆ ಹೋಗುವವರಿದ್ದೇವೆ. ಚಾಸಿಯ ಸಂಖ್ಯೆಯನ್ನು ಪತ್ರದೊಡನೆ ತಾಳೆ ನೋಡಲು ಒಂದು ಟಾರ್ಚು ತರಬೇಕೆಂದೂ, ಮುಂಗಡವೆಂದು ಕೊಡಲು ಜೇಬಿನಲ್ಲಿ ಏನೂ ಇಟ್ಟುಕೊಂಡು ಬರಕೂಡದೆಂದೂ ಅವನಿಗೆ ಹೇಳಿದ್ದೇವೆ.